ಎಣ್ಣೆ ಕಾದಿಲ್ಲ ಕಣ್ರೀ

ಶ್ರೀರಾಂಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಯೆಜ್ಡಿ ಬೈಕಿಗೆ ಸೈಡ್ ಸ್ಟ್ಯಾಂಡ್ ಹಾಕಿ, ಒಂದು ಟೀ ಹೇಳಿ ತಿರುಗುವಷ್ಟರಲ್ಲಿ ಅದು ಮಲಗಿಬಿಟ್ಟಿತ್ತು. ಬಿದ್ದದ್ದಲ್ಲ, ಮಲಗಿದ್ದು. ವಯಸ್ಸಾದವರು ಮಾತಾಡುತ್ತ ಮಾತಾಡುತ್ತಲೇ ಗೋಡೆಗೊರಗಿ ನಿದ್ದೆ ಹೋಗುತ್ತಾರಲ್ಲ, ಹಾಗೆ. ಎತ್ತಿ ನೋಡಿದರೆ ಸ್ಟ್ಯಾಂಡಿನ ಬುಡ ತುಕ್ಕು ಹಿಡಿದು ಬಿಸ್ಕತ್ತಾಗಿತ್ತು.

ಗಾಡಿ ನಮ್ಮಪ್ಪನದು. ಅದನ್ನು ಹೆತ್ತ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಅಪ್ಪನೂ ಹೋದರು. ಗಾಡಿ ಮತ್ತು ನಾನು ಉಳಿದಿದ್ದೇವೆ. ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಅದಕ್ಕೆ ಒಂದೇ ಲಿವರು; ಪಾಠವನ್ನೂ ಮಾಡಿ ಜನಗಣತಿಯನ್ನೂ ಮಾಡುವ ಸರ್ಕಾರಿ ಮೇಷ್ಟ್ರ ಹಾಗೆ. ಅದಕ್ಕೇ ಇರಬೇಕು ನನಗೆ ಅದರ ಮೇಲೆ ಅಷ್ಟು ಮಮತೆ.

ನೂಕಿಕೊಂಡು ವೆಲ್ಡಿಂಗ್ ಶಾಪಿಗೆ ಹೋದೆ. ಶಾಪಿನವನು ನನ್ನ ಶಿಷ್ಯನೇ. ಎಸ್ಸೆಸ್ಸೆಲ್ಸಿಗೆ ಮೊದಲಿನ ಶಾಲೆಯ ಪರೀಕ್ಷೆಯಲ್ಲಿ ಅವನಿಗೆ ವಿಜ್ಞಾನದಲ್ಲಿ ಮೂವತ್ತೈದು ಬಂದಿತ್ತು. ಅದರಲ್ಲಿ ಎಂಟು ನಾನು ಹಾಕಿಕೊಟ್ಟದ್ದು. ದರದ ಚೌಕಾಸಿ ಬಂದಾಗಲೆಲ್ಲ ಅವನಿಗೆ ಇದನ್ನು ನೆನಪಿಸುವುದುಂಟು. "ಸಾರ್, ನಾಳೆ ಬನ್ನಿ, ಟ್ರಾಲಿ ಕೆಲಸ ಅರ್ಧದಲ್ಲಿದೆ" ಅಂದ. ನಾಳೆ ಹೋದೆ. "ನಾಳೆ ಬನ್ನಿ ಸಾರ್" ಅಂದ. ಮೂರನೆಯ ನಾಳೆಗೆ ನನ್ನೊಳಗಿನ ನಿವೃತ್ತ ವಿಜ್ಞಾನ ಶಿಕ್ಷಕ ಎದ್ದು ಕೂತ. ಮೂವತ್ತು ವರ್ಷ ಕರಿಹಲಗೆಯ ಮೇಲೆ ಓಮನ ನಿಯಮ ಬರೆದವನು ನಾನು. ಎರಡು ಕಬ್ಬಿಣ ಅಂಟಿಸಲಿಕ್ಕೆ ಇವನ ಬಾಗಿಲು ಕಾಯಬೇಕೆ?

ನಾನೇ ವೆಲ್ಡಿಂಗ್ ಮೆಷಿನ್ನು ಕೊಳ್ಳುವ ವಿಷಯ ಮನೆಯಲ್ಲಿ ತಿಳಿಸಿದಾಗ ನಮ್ಮ ಮನೆಯಾಕೆ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಹೋದ ವರ್ಷ ತಂದ ಜೇನುಪೆಟ್ಟಿಗೆ ಎಲ್ಲಿದೆ?" ಅಂತ ಮಾತ್ರ ಕೇಳಿದಳು. ಅದರಲ್ಲೀಗ ಬೆಕ್ಕು ಮರಿ ಹಾಕಿದೆ. ನಾನು ಉತ್ತರ ಕೊಡಲಿಲ್ಲ.

ಬೆಂಗಳೂರಿನ ಮಗ ಫೋನಿನಲ್ಲಿ ಸಲಹೆ ಕೊಟ್ಟ. "ಅಪ್ಪಾ, ಮಿಗ್ ತಗೊಳ್ಳಿ. ಗನ್ ಒತ್ತಿದ್ರೆ ತಂತಿ ತಾನೇ ಬರುತ್ತೆ, ಮಕ್ಕಳೂ ಮಾಡಬಹುದು." ತಂತಿ ತಾನೇ ಬರುತ್ತದೆ, ನಿಜ. ಆದರೆ ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರು ಬೇಕು, ಅದು ತಾನೇ ಬರುವುದಿಲ್ಲ. ಹೊಸದುರ್ಗದ ಬಸ್ಸಿನಲ್ಲಿ ಸಿಲಿಂಡರನ್ನು ತೊಡೆಯ ಮೇಲೆ ಕೂರಿಸಿಕೊಂಡು ಬರುವ ನನ್ನ ಚಿತ್ರ ಕಣ್ಣ ಮುಂದೆ ಬಂತು. ಗ್ಯಾಸ್ ಬೇಡದ ತಂತಿಯೂ ಇದೆ, ಒಳಗೇ ಪುಡಿ ತುಂಬಿರುತ್ತದೆ. ಹೊಗೆ ಜಾಸ್ತಿ, ರೇಟೂ ಜಾಸ್ತಿ. ಟಿಗ್ ಅಂತ ಇನ್ನೊಂದು. ಬಲಗೈಲಿ ಟಾರ್ಚು, ಎಡಗೈಲಿ ಕಡ್ಡಿ, ಕಾಲಲ್ಲಿ ಪೆಡಲು. ಹಾರ್ಮೋನಿಯಂ ಕಲಿಯಲು ಹೋಗಿ ಮೂರೇ ವಾರಕ್ಕೆ ಗುರುಗಳಿಂದ ಕೈ ಮುಗಿಸಿಕೊಂಡು ಬಂದವನು ನಾನು.

ಈ ಮಧ್ಯೆ ಷಡ್ಡಕರೊಬ್ಬರು ತಮ್ಮ ಹಳೆಯ, ಎಣ್ಣೆ ತುಂಬಿದ ವೆಲ್ಡಿಂಗ್ ಮೆಷಿನ್ನು ಬಿಟ್ಟಿ ಕೊಡುತ್ತೇನೆ ಅಂದರು. ಟ್ರಾನ್ಸ್‌ಫಾರ್ಮರಿನದು, ನಾಲ್ಕು ಆಳು ಹೊರಬೇಕು, ಎರಡು ಫೇಸ್ ಬೇಕು. ಮನೆಗೆ ಬರುವುದು ಒಂದೇ ಫೇಸು. "ತೋಟದ ಪಂಪ್‌ಸೆಟ್ ಲೈನಿಂದ ಎಳೀರಿ, ತ್ರೀ ಫೇಸ್ ಇದೆಯಲ್ಲ" ಎಂದು ಅವರೇ ಉಪಾಯ ಹೇಳಿದರು. ಪಂಪ್‌ಸೆಟ್ಟಿಗೆಂದು ಕೊಟ್ಟ ಕರೆಂಟಿನಲ್ಲಿ ವೆಲ್ಡಿಂಗ್ ಮಾಡಿದರೆ ಅದು ಕಾಯ್ದೆ ಪ್ರಕಾರ ಅನಧಿಕೃತ ಬಳಕೆ, ದಂಡ ಕಟ್ಟಬೇಕು. ಅದೂ ಹೋಗಲಿ, ಲೈನಿನ ಟ್ರಾನ್ಸ್‌ಫಾರ್ಮರು ಸುಟ್ಟರೆ ಅಕ್ಕಪಕ್ಕದ ತೋಟದವರು ಕಾಯ್ದೆಯವರೆಗೆ ಕಾಯುವುದಿಲ್ಲ.

ಹೀಗೆ ಒಂದೊಂದೇ ಹೊಡೆದು ಹಾಕಿದ ಮೇಲೆ ಉಳಿದದ್ದು ಇನ್ವರ್ಟರ್ ಆರ್ಕ್ ಮೆಷಿನ್ನು. ಟಿಫಿನ್ ಕ್ಯಾರಿಯರಿನ ಹಾಗೆ ಒಂದೇ ಕೈಯಲ್ಲಿ ಹಿಡಿದು ನಡೆಯಬಹುದು, ಮನೆಯ 230 ವೋಲ್ಟಿನಲ್ಲಿ ಓಡುತ್ತದೆ. ಇಲ್ಲಿಯವರೆಗೂ ನನ್ನ ಬುದ್ಧಿ ಸರಿಯಾಗೇ ಕೆಲಸ ಮಾಡಿತ್ತು. ಅಂಗಡಿಯಲ್ಲಿ 200 ಆಂಪಿಯರ್ ಎಂದು ಬರೆದದ್ದನ್ನು ನೋಡಿದ ಮೇಲೆ ಕೆಟ್ಟಿತು. ಅಂಗಿ ಕೊಳ್ಳುವಾಗಲೂ ಒಂದು ಸೈಜು ದೊಡ್ಡದನ್ನೇ ತಂದು ಉದ್ದ ತೋಳಿನೊಳಗೆ ಬೆರಳು ಮುಚ್ಚಿಕೊಂಡು ಓಡಾಡುವ ಜಾತಿ ನನ್ನದು. ಜೊತೆಗೆ 3.15 ಎಂಎಂ ರಾಡಿನ ಒಂದು ಪ್ಯಾಕೆಟ್ಟೂ ಬಂತು.

ಶನಿವಾರ ಸಂಜೆ ಏಳೂವರೆಗೆ ಉದ್ಘಾಟನೆ. ನಾಬನ್ನು 160ಕ್ಕೆ ತಿರುಗಿಸಿ ರಾಡು ಮುಟ್ಟಿಸಿದೆ. ಒಂದು ಬೆಳಕು ಬಂತು. ಆಮೇಲೆ ಯಾವ ಬೆಳಕೂ ಇರಲಿಲ್ಲ. ಕತ್ತಲಲ್ಲಿ ಮೊದಲು ಕೇಳಿಸಿದ್ದು ಅವ್ವನ ದನಿ: "ಅಯ್ಯೋ, ಸೊಸೆ ಈಗ ಬಾಗಿಲು ತೆಗೀತಿದ್ಲು ಕಣೋ!" ಧಾರಾವಾಹಿಯ ಸೊಸೆ. ಆ ಬಾಗಿಲ ಹಿಂದೆ ಯಾರಿದ್ದರು ಎನ್ನುವುದು ಅವ್ವನಿಗೆ ಸೋಮವಾರದವರೆಗೂ ಗೊತ್ತಾಗಲಿಲ್ಲ. ಆ ಎರಡು ದಿನ ಅವರು ನನ್ನ ಜೊತೆ ಮಾತಾಡಲೂ ಇಲ್ಲ.

ಎಂಸಿಬಿ ಎತ್ತಿದೆ. ಬಿತ್ತು. ಮತ್ತೆ ಎತ್ತಿದೆ. ಮತ್ತೆ ಬಿತ್ತು. ಮನೆಯಾಕೆ ಮೊಬೈಲ್ ಟಾರ್ಚಿನಲ್ಲಿ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದ ಬೆಸ್ಕಾಂ ಬಿಲ್ಲು ತಂದಳು. "ಇಲ್ಲಿ ನಮ್ಮನೆಗೆ ಮೂರು ಕಿಲೋವ್ಯಾಟ್ ಅಂತ ಬರೆದಿದೆ. ನಿಮ್ಮ ಮೆಷಿನ್ನು ಎಷ್ಟು ತಿನ್ನುತ್ತೆ?"

ಮೂವತ್ತು ವರ್ಷ ಆ ಲೆಕ್ಕವನ್ನು ಬೇರೆಯವರಿಂದ ಮಾಡಿಸಿದ್ದೆ, ನಾನೇ ಮಾಡಿರಲಿಲ್ಲ. ಅಡುಗೆಮನೆ ಕಟ್ಟೆಯ ಮೇಲೆ ಕೂತು ಬಿಲ್ಲಿನ ಬೆನ್ನಲ್ಲೇ ಮಾಡಿದೆ. 160 ಆಂಪಿಯರಿನಲ್ಲಿ ಕಿಡಿಗೆ ಸುಮಾರು 26 ವೋಲ್ಟು; ಗುಣಿಸಿದರೆ ನಾಲ್ಕು ಸಾವಿರ ವ್ಯಾಟು ದಾಟಿತು. ಮೆಷಿನ್ನು ಒಳಗೇ ನುಂಗಿಕೊಳ್ಳುವುದು ಬೇರೆ. ನಮ್ಮನೆಯ ಎಂಸಿಬಿ 16 ಆಂಪಿಯರಿನದು, 230 ವೋಲ್ಟಿಗೆ ಲೆಕ್ಕ ಹಾಕಿದರೆ 3,680 ವ್ಯಾಟು, ಅಲ್ಲಿಗೆ ಮುಗಿಯಿತು. ಅದೇ 80 ಆಂಪಿಯರಿಗೆ ಇಳಿಸಿ ನೋಡಿದೆ: ಕಿಡಿಯಲ್ಲಿ 1,850 ವ್ಯಾಟು, ನಷ್ಟ ಗಿಷ್ಟ ಸೇರಿಸಿ ಎರಡೂಕಾಲು ಸಾವಿರ. ಈ ಮೆಷಿನ್ನುಗಳ ಪವರ್ ಫ್ಯಾಕ್ಟರ್ ಕಮ್ಮಿ, ಹಾಗಾಗಿ ಗೋಡೆಯಿಂದ ಎಳೆಯುವುದು ಹದಿನಾಲ್ಕು ಆಂಪಿಯರಿನ ಹತ್ತಿರ. ನಡೆಯುತ್ತದೆ. ಆದರೆ ಆ ಹೊತ್ತಿಗೆ ಮನೆಯಲ್ಲಿ ಬೇರೇನೂ ದೊಡ್ಡದು ನಡೆಯಬಾರದು.

"ಅಷ್ಟೇನಾ?" ಅಂದಳು. ಗೀಸರು ಹಾಕಿದಾಗ ಮೋಟ್ರು ಹಾಕಬಾರದು, ಗ್ರೈಂಡರ್ ತಿರುಗುವಾಗ ಇಸ್ತ್ರಿ ಮುಟ್ಟಬಾರದು, ಸಂಜೆ ವೋಲ್ಟೇಜ್ ಇಳಿದಾಗ ಯಾವುದನ್ನೂ ಮುಟ್ಟಬಾರದು: ಈ ಮನೆಯ ಲೋಡನ್ನು ಅವಳು ಇಪ್ಪತ್ತೈದು ವರ್ಷದಿಂದ ಹಂಚಿಕೊಂಡು ಬಂದಿದ್ದಾಳೆ. ನನಗದು ಬೈಗುಳದ ಹಾಗೆ ಮಾತ್ರ ಕೇಳಿಸಿತ್ತು. ಹಿಟ್ಟು ರುಬ್ಬಿದ ಮೇಲೆ, ಟ್ಯಾಂಕು ತುಂಬಿದ ಮೇಲೆ, ಸಂಜೆ ವೋಲ್ಟೇಜ್ ಇಳಿಯುವ ಮುಂಚೆ: ಭಾನುವಾರ ಮೂರರಿಂದ ನಾಲ್ಕೂವರೆ ನನಗೆ ಮಂಜೂರಾಯಿತು.

ರಾಡು ಬದಲಾಯಿಸಿ 2.5 ಎಂಎಂ ತಂದೆ. ಎಪ್ಪತ್ತು ತೊಂಬತ್ತು ಆಂಪಿಯರಿನಲ್ಲಿ ಕರಗುವಂಥದ್ದು, 6013 ಎಂಬ ನಂಬರಿನದು, ಕಲಿಯುವವರ ಪಾಲಿನ ಉಪ್ಪಿಟ್ಟು. ಯಾರು ಮಾಡಿದರೂ ಒಂದಿಷ್ಟು ಬರುತ್ತದೆ. ಆದರೂ ಆ ಭಾನುವಾರ ಕಿಡಿ ಸೊರಗಿ ಸೊರಗಿ ಬಂತು. ಕಾರಣ ಕಂಡುಹಿಡಿದದ್ದು ಬೆಕ್ಕು. ಕೊಬ್ಬರಿ ಅಟ್ಟದ ಕೆಳಗಿನಿಂದ ಕೊಟ್ಟಿಗೆಯವರೆಗೆ ಇಪ್ಪತ್ತು ಮೀಟರ್ ಎಕ್ಸ್‌ಟೆನ್ಷನ್ ಎಳೆದಿದ್ದೆ, ಗಣಪತಿ ಪೆಂಡಾಲಿಗೆ ಸೀರಿಯಲ್ ಸೆಟ್ ಹಾಕಲು ತಂದಿದ್ದ ಒಂದು ಚದರ ಎಂಎಂ ವೈರು. ಮಿಕ್ಕದ್ದನ್ನು ಸುರುಳಿ ಮಾಡಿ ಮೂಲೆಗೆ ಇಟ್ಟಿದ್ದೆ. ಬೆಕ್ಕು ಮರಿಗಳ ಸಮೇತ ಬಂದು ಆ ಸುರುಳಿಯ ಮೇಲೆ ಬೆಚ್ಚಗೆ ಮಲಗಿತ್ತು. ಮನೆಯಾಕೆ ನೋಡಿ, "ರೀ, ಕಬ್ಬಿಣಕ್ಕೆ ಹೋಗಬೇಕಾದ ಕರೆಂಟು ಬೆಕ್ಕಿಗೆ ಹೋಗ್ತಿದೆ" ಅಂದಳು. ಲೆಕ್ಕ ಹಾಕಿದೆ: ಹೋಗಿ ಬರುವ ನಲವತ್ತು ಮೀಟರ್ ತಾಮ್ರಕ್ಕೆ 0.7 ಓಮ್, ಹದಿನಾಲ್ಕು ಆಂಪಿಯರಿಗೆ 137 ವ್ಯಾಟ್ ಶಾಖ. ಹತ್ತು ವೋಲ್ಟು ದಾರಿಯಲ್ಲೇ ಖರ್ಚು. ಇನ್ನೂ ಸ್ವಲ್ಪ ಹೊತ್ತು ಬಿಟ್ಟಿದ್ದರೆ ಸುರುಳಿಯ ಪ್ಲಾಸ್ಟಿಕ್ ಕರಗುತ್ತಿತ್ತು, ಬೆಕ್ಕಿನ ಗತಿ ಏನೋ. 2.5 ಚದರ ಎಂಎಂ ವೈರು ತಂದು, ಸುರುಳಿ ಬಿಚ್ಚಿ ನೆಟ್ಟಗೆ ಹಾಸಿದೆ. ಬೆಕ್ಕು ಜೇನುಪೆಟ್ಟಿಗೆಗೆ ವಾಪಸಾಯಿತು.

ಆಮೇಲೆ ಯೆಜ್ಡಿಯ ಟ್ಯಾಂಕ್ ಬಿಚ್ಚಿ ಮನೆಯ ಆ ಕಡೆಗೆ ಒಯ್ದಿಟ್ಟೆ. ಪೆಟ್ರೋಲ್ ಖಾಲಿ ಮಾಡಿದರೂ ಒಳಗಿನ ಆವಿ ಸಾಕು ಮನೆ ಎಬ್ಬಿಸಲಿಕ್ಕೆ. ಬ್ಯಾಟರಿ ವೈರು ಕಳಚಿದೆ. ಈಗಿನ ಬೈಕುಗಳಲ್ಲಿ ಹಾಗೆ ಮಾಡದಿದ್ದರೆ ಅದರ ಕಂಪ್ಯೂಟರು ಸುಡಬಹುದು, ನಮ್ಮ ಯೆಜ್ಡಿಗೆ ಆ ಭಾಗ್ಯವಿಲ್ಲ. ಬಣ್ಣ, ತುಕ್ಕು ಗ್ರೈಂಡರಿನಲ್ಲಿ ತೆಗೆದು ಬಿಳಿ ಕಬ್ಬಿಣ ಕಾಣಿಸಿ, ಅರ್ತ್ ಕ್ಲಾಂಪು ಅಲ್ಲಿಗೇ ಕಚ್ಚಿಸಿದೆ. ರಾಡು ಮುಟ್ಟಿಸಿದೆ. ಹಲ್ಲಿ ಗೋಡೆಗೆ ಅಂಟಿದ ಹಾಗೆ ಅಂಟಿಕೊಂಡಿತು. ಕಿತ್ತೆ. ಮತ್ತೆ ಅಂಟಿತು. ಹನ್ನೊಂದು ಸಲ.

ಒಳಗಿನಿಂದ ದನಿ ಬಂತು: "ಎಣ್ಣೆ ಕಾದಿಲ್ಲ ಕಣ್ರೀ!"

ಬಾಣಲೆಯ ಮಾತೆಂದುಕೊಂಡೆ. ಅಲ್ಲ, ನನ್ನ ಕಿಡಿಯ ಸದ್ದಿನ ಮಾತು. ಎಣ್ಣೆ ಕಾಯದಿದ್ದರೆ ಬೋಂಡ ತಳಕ್ಕೆ ಅಂಟುತ್ತದೆ. ನಾಬನ್ನು 55ರಿಂದ 75ಕ್ಕೆ ತಂದೆ. ಚರ್ ಅಂತ ಬಿಡದೆ ಸದ್ದು. "ಹೂಂ, ಈಗ ಹದ." ಹುಮ್ಮಸ್ಸಿನಲ್ಲಿ 110ಕ್ಕೆ ಏರಿಸಿದೆ, ಚಟಪಟ ಕಿಡಿ ಪಂಚೆಗೇ ಹಾರಿತು. "ಹೊತ್ತಿಹೋಯ್ತು, ಉರಿ ಇಳಿಸಿ!" ಅವಳು ಅಂಗಳಕ್ಕೂ ಬಂದಿರಲಿಲ್ಲ. ಅಂದಿನಿಂದ ನಾನು ಮೀಟರನ್ನು ನೋಡುವುದಿಲ್ಲ.

ಆಮೇಲೆ ಓದಿ ತಿಳಿದೆ, ಈ ರಾಡಿನ ಹುಟ್ಟೂ ಬಜ್ಜಿಯ ಹಾಗೇ ಆದದ್ದು. ಸ್ವೀಡನ್ನಿನ ಆಸ್ಕರ್ ಶೆಲ್‌ಬರ್ಗ್ ಎಂಬಾತ, 1904ರಲ್ಲಿ ಎಸಾಬ್ ಕಂಪನಿ ಕಟ್ಟಿದವನು, ಬರೀ ಕಬ್ಬಿಣದ ತಂತಿಯನ್ನು ಕಲಸಿದ ಪುಡಿಯಲ್ಲಿ ಅದ್ದಿ ಒಣಗಿಸಿದ. ಆ ಹೊದಿಕೆ ಉರಿದು ಹೊಗೆಯಾಗಿ ಕರಗಿದ ಲೋಹವನ್ನು ಗಾಳಿಯಿಂದ ಕಾಯುತ್ತದೆ. ಹೊದಿಕೆಗೆ ತೇವ ಆಗಿಬರುವುದಿಲ್ಲ ಎಂದು ಮನೆಯಾಕೆಗೆ ಹೇಳಿದೆ. ಈಗ ನನ್ನ ರಾಡುಗಳು ಹಪ್ಪಳದ ಡಬ್ಬದಲ್ಲಿವೆ, ಹಪ್ಪಳದ ಜೊತೆಗೇ ಬಿಸಿಲು ಕಾಣುತ್ತವೆ. ಒಮ್ಮೆ ಅವ್ವ ಕತ್ತಲಲ್ಲಿ ಕೈ ಹಾಕಿ, "ಈ ಸಲದ ಸಂಡಿಗೆ ಭಾಳ ಗಟ್ಟಿಯಾಗಿದೆ" ಅಂದರು.

ಒಂದು ವಿಷಯ ತಮಾಷೆಯಲ್ಲ. ಎರಡು ಸಲ ಮುಖಪರದೆ ಹಿಡಿಯದೆ ಕಿಡಿ ನೋಡಿದ್ದೆ. ಆಗೇನೂ ಅನಿಸಲಿಲ್ಲ. ನಡುರಾತ್ರಿ ಕಣ್ಣಿಗೆ ಮರಳು ಸುರಿದಂತಾಯಿತು. ಅವ್ವ ಆಲೂಗಡ್ಡೆ ಹೆಚ್ಚಿ ಕಣ್ಣಿಗಿಡಲು ಬಂದರು. ಡಾಕ್ಟರು ಬೆಳಿಗ್ಗೆ ಹನಿ ಹಾಕಿ ನಮ್ಮಿಬ್ಬರಿಗೂ ಬೈದರು. ತಾನೇ ಕಪ್ಪಾಗುವ ಗಾಜಿನ ಹೆಲ್ಮೆಟ್ಟಿಗೆ ಖರ್ಚು ಮಾಡಿ, ಮೆಷಿನ್ನು ಸಣ್ಣದಾದರೆ ಆಗಲಿ.

ಸ್ಟ್ಯಾಂಡು ನಿಂತಿತು. ಗೆದ್ದ ಸೊಕ್ಕಿನಲ್ಲಿ ಸೈಲೆನ್ಸರಿನ ಸೀಳಿಗೆ ಕೈ ಹಾಕಿದೆ. ಆ ತಗಡು ಒಂದು ಎಂಎಂಗಿಂತ ಸ್ವಲ್ಪ ದಪ್ಪ ಅಷ್ಟೆ, ಕೂದಲೆಳೆಯ ಸೀಳಿದ್ದಲ್ಲಿ ಒಂದು ರೂಪಾಯಿ ನಾಣ್ಯ ತೂರುವ ತೂತಾಯಿತು. ಶಿಷ್ಯನ ಹತ್ತಿರವೇ ಹೋದೆ. ಗ್ಯಾಸಿನಲ್ಲಿ ಹಿತ್ತಾಳೆ ಕರಗಿಸಿ ಮುಚ್ಚುತ್ತ ನನ್ನ ಸ್ಟ್ಯಾಂಡನ್ನು ಬಗ್ಗಿ ನೋಡಿದ, ಬೆರಳಲ್ಲಿ ಸವರಿದ. "ಮೂವತ್ತೈದು ಕೊಡಬಹುದು ಸಾರ್. ಎಂಟು ನಾನು ಹಾಕ್ತೀನಿ. ಆದ್ರೆ ಫ್ರೇಮು, ಫೋರ್ಕು, ಬ್ರೇಕ್ ಪೆಡಲು ಮಾತ್ರ ಮುಟ್ಟಬೇಡಿ, ನಾಳೆನಾದ್ರೂ ಸರಿ ಇಲ್ಲಿಗೇ ತನ್ನಿ." ಅವನ ಮಾತು ನಾನು ಮೀರಿಲ್ಲ.

ಕ್ಯಾರಿಯರ್, ಲೆಗ್‌ಗಾರ್ಡ್, ಗೇಟಿನ ಚಿಲಕ, ಕೋಳಿಗೂಡು ಯಾರದಾದರೂ ಮುರಿದಿದ್ದರೆ ಭಾನುವಾರ ಮೂರು ಗಂಟೆಗೆ ಬನ್ನಿ. ಕೂಲಿ ಬೇಡ, ರಾಡು ನೀವೇ ತನ್ನಿ, 2.5 ಎಂಎಂ. ಬರುವ ಮುಂಚೆ ಒಂದು ಫೋನ್ ಮಾಡಿ ನಮ್ಮನೆಯಲ್ಲಿ ಹಿಟ್ಟು ರುಬ್ಬಿ ಆಗಿದೆಯೇ ಕೇಳಿಕೊಳ್ಳಿ.