ಎರಡು ಬೋಟು, ಒಂದು ಕಾಪು ಜಗಲಿ

ಅಮೆರಿಕದಲ್ಲಿ ಬೇರು ಬಿಟ್ಟ ಉಡುಪಿ ಕಡೆಯ ಸಂಸಾರಕ್ಕೆ ಮನೆ, ಎರಡು ಕಾರು, ಕಾಸ್ಟ್‌ಕೋ ಕಾರ್ಡು, ಕೊಯಮತ್ತೂರಿನ ಗ್ರೈಂಡರು ಎಲ್ಲ ಕೂಡಿಬಂದ ಮೇಲೂ ಏನೋ ಒಂದು ಕೊರತೆ ಉಳಿದೇ ಇರುತ್ತದೆ. ನಮ್ಮ ಮನೆಯ ಕೊರತೆ 21 ಅಡಿ ಉದ್ದದ್ದೋ 23 ಅಡಿಯದ್ದೋ ಎಂಬುದಷ್ಟೇ ತೀರ್ಮಾನವಾಗಬೇಕಿತ್ತು.

ಆಸ್ಟಿನ್ನಿನ ನಮ್ಮ ಮನೆಗೆ ಲೇಕ್ ಟ್ರಾವಿಸ್ ಹತ್ತಿರ. ಕೊಲರಾಡೋ ನದಿಗೆ ಕಟ್ಟಿದ ಮ್ಯಾನ್ಸ್‌ಫೀಲ್ಡ್ ಅಣೆಕಟ್ಟಿನ ಹಿಂದೆ ನಿಂತ ನೀರು ಅದು. (ಗ್ರ್ಯಾಂಡ್ ಕ್ಯಾನಿಯನ್ ಕೊರೆದ ಕೊಲರಾಡೋ ಬೇರೆ, ಟೆಕ್ಸಾಸಿನವರು ತಮಗೆ ಬೇಕಾದದ್ದನ್ನೆಲ್ಲ ತಮ್ಮಲ್ಲೇ ಇಟ್ಟುಕೊಂಡಿದ್ದಾರೆ.) ಬರಗಾಲದಲ್ಲಿ ನೀರು ಇಳಿದಾಗ ನಡುವೆ ಗುಡ್ಡಗಳು ತಲೆ ಎತ್ತುತ್ತವೆ. ಅವಕ್ಕೆ ಅಲ್ಲಿಯವರು ಇಟ್ಟ ಹೆಸರು ಸಮ್‌ಟೈಮ್ಸ್ ಐಲಂಡ್ಸ್. ಅಲ್ಲಿಗೆ ಗೆಳತಿಯ ಮನೆಯವರೊಂದಿಗೆ ಹೋದ ನಮ್ಮ ಮಗಳು ವೇಕ್‌ಬೋರ್ಡಿನ ಮೇಲೆ ನಿಂತು ಬಂದಳು. ಬಂದವಳು ನಮ್ಮನ್ನು ನೆಮ್ಮದಿಯಾಗಿ ಕೂರಲು ಬಿಡಲಿಲ್ಲ. ಮಾಸ್ಟರ್‌ಕ್ರಾಫ್ಟ್, ಮಲಿಬು, ನಾಟಿಕ್ ಎಂದು ಹೊಸ ಬೋಟುಗಳನ್ನು ನೋಡಹೋದರೆ ಒಂದು ಲಕ್ಷ ಡಾಲರ್ ದಾಟಿಯೇ ಮಾತು ಶುರು. ಹಾಗಾಗಿ ಹಳೆಯದು. ಹುಡುಕಿ, ಸೋಸಿ, ಕೊನೆಗೆ ಎರಡು ಉಳಿದವು. ಒಂದು 2005ರ ಕೆಂಪು ಬೋಟು, ಇನ್ನೊಂದು 2012ರ ನೀಲಿಯದು. ನಾನು ಮಿಯ್ಯಾರಿನವನಾದ್ದರಿಂದ ನಮ್ಮೂರ ಕಂಬಳದ ಕರೆಗಳ ಹೆಸರನ್ನೇ ಇಟ್ಟೆ: ಕೆಂಪು ಲವ, ನೀಲಿ ಕುಶ.

ತೀರ್ಮಾನ ಆಗುವ ಮೊದಲೇ ಜುಲೈ ಬಂತು, ಊರಿಗೆ ಟಿಕೆಟ್ ಆಗಿತ್ತು. ಲವ-ಕುಶರು ಫೋನಿನೊಳಗೆ ಕೂತು ನಮ್ಮ ಜೊತೆಗೇ ಕಾಪುವಿನ ಮಾವನ ಮನೆಗೆ ಬಂದರು.

ಮಾವ ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಸ್ವತಃ ಸೈಂಟ್ ಮೇರೀಸ್ ದ್ವೀಪದಿಂದಾಚೆ ನೀರಿನ ಮೇಲೆ ಹೋದವರಲ್ಲ. ಆದರೆ ಬೋಟಿನ ವಿಷಯಕ್ಕೆ ಬಂದರೆ 1901ರಿಂದ ನಿಂತಿರುವ ಕಾಪುವಿನ ದೀಪಸ್ತಂಭವೂ ಅವರನ್ನು ಕೇಳಿಯೇ ಕಣ್ಣು ಮಿಟುಕಿಸಬೇಕು ಎಂಬ ಗತ್ತು. ಜಗಲಿಯಲ್ಲಿ ಕೂತು ಮಗಳ ವಿಡಿಯೋ ನೋಡಿದರು. ಬೋಟಿನ ಮೇಲಿನ ಕಮಾನಿಗೆ ಹಗ್ಗ, ಹಗ್ಗದ ತುದಿಯಲ್ಲಿ ಮೊಮ್ಮಗಳು, ಕಾಲಡಿಯಲ್ಲಿ ಹಲಗೆ, ಎರಡೂ ಬದಿಗೆ ನೀರಿನ ಗೋಡೆ.

"ಇದು ಕನೆಹಲಗೆ ಅಲ್ವಾ?" ಅಂದರು. "ಕೋಣ ಎಲ್ಲಿ?"

ನಾನು ಹುಟ್ಟಿದ್ದೇ ಕಂಬಳದ ಗದ್ದೆಯ ಬದಿಯಲ್ಲಾದರೂ ನನಗೆ ಇದು ಹೊಳೆದಿರಲಿಲ್ಲ. ಕನೆಹಲಗೆಯಲ್ಲಿ ಓಡಿಸುವವನು ಹಲಗೆಯ ಮೇಲೆ ನಿಲ್ಲುತ್ತಾನೆ, ಹಲಗೆಯ ತೂತಿನಿಂದ ನೀರು ಚಿಮ್ಮಿ ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆಗೆ ಹೊಡೆಯಬೇಕು. ಟೆಕ್ಸಾಸಿನಲ್ಲಿ ನಿಶಾನೆ ಇಲ್ಲ, ಮಿಕ್ಕಿದ್ದೆಲ್ಲ ಉಂಟು. "ಲವನಿಗೆ 320 ಹಾರ್ಸ್‌ಪವರ್ ಮಾವ" ಎಂದೆ. "ಕುದುರೆಯ ಲೆಕ್ಕ ಬೇಡ, ಕೋಣದಲ್ಲಿ ಹೇಳಿ" ಎಂದರು.

ಆಮೇಲೆ ಎಂಜಿನಿನ ಚರ್ಚೆ. ಲವನದ್ದು ಡೈರೆಕ್ಟ್ ಡ್ರೈವ್. ಎಂಜಿನ್ ಬೋಟಿನ ನಟ್ಟನಡುವೆ ಒಂದು ಪೆಟ್ಟಿಗೆಯೊಳಗೆ. ಅಲ್ಲಿಂದ ಶಾಫ್ಟ್ ನೇರವಾಗಿ ಹಿಂದಕ್ಕೆ. ಕುಶನದ್ದು ವಿ-ಡ್ರೈವ್. ಎಂಜಿನ್ ಹಿಂದಿನ ಸೀಟಿನಡಿ ಹಿಮ್ಮುಖವಾಗಿ ಕೂತಿದೆ; ಶಾಫ್ಟ್ ಮೊದಲು ಮುಂದಕ್ಕೆ ಬಂದು, ಗೇರ್‌ಬಾಕ್ಸಿನಲ್ಲಿ ತಿರುಗಿ ಹಿಂದಕ್ಕೆ ಹೋಗುತ್ತದೆ. ಭಾರ ಹಿಂದೆ ಇರುವುದರಿಂದ ಹಿಂಬದಿ ನೀರಿನಲ್ಲಿ ತಗ್ಗಿ ಅಲೆ ದೊಡ್ಡದಾಗುತ್ತದೆ, ನಡುವೆ ಜಾಗವೂ ಖಾಲಿ. ವೇಕ್‌ಬೋರ್ಡಿಗೆ ಅದೇ ಲಾಯಕ್ಕು ಎಂದು ಬಲ್ಲವರೆಲ್ಲ ಹೇಳುತ್ತಾರೆ. ಎರಡರಲ್ಲೂ ಫ್ಯಾನು ಬೋಟಿನ ಹೊಟ್ಟೆಯಡಿ ಇರುವುದು ಒಳ್ಳೆಯದು. ಹಿಂದೆ ನೀರಿಗೆ ಬಿದ್ದ ಮಕ್ಕಳ ಕಾಲಿನ ಹತ್ತಿರ ಅದು ಬರುವುದಿಲ್ಲ.

ಅತ್ತೆ ಕುಶನ ಖಾಲಿ ಜಾಗ ಮೆಚ್ಚಲಿಲ್ಲ. "ನಡುವೆ ಪೆಟ್ಟಿಗೆ ಇರುವುದೇ ಒಳ್ಳೆಯದು. ಬುತ್ತಿ ಎಲ್ಲಿ ಇಡುದು ಮತ್ತೆ?" ಮಾವನಿಗೆ ಬೇರೆ ಕಾರಣ. "ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಎಂಜಿನಿನ ಸುತ್ತ ಕೈ ಹೋಗ್ತದೆ. ಸೀಟಿನಡಿ ಇದ್ದರೆ ನೀವು ತಲೆಕೆಳಗಾಗಿ ನೇತಾಡಬೇಕು. ನಿಮ್ಮ ಸೊಂಟಕ್ಕೆ ಅದು ಆಗುದಾ?" ಸೊಂಟದ ಮಾತು ಬಂದದ್ದೇ ತಡ, ಮಣಿಪಾಲದಲ್ಲಿ ಮೂಳೆ ಡಾಕ್ಟರಾಗಿರುವ ನಾದಿನಿ ಫೋನಿನಲ್ಲೇ ನನ್ನ ಬೆನ್ನಿನ ಎಕ್ಸ್‌ರೇಗೆ ದಿನ ಗೊತ್ತು ಮಾಡಿದಳು. ಆಕೆಯ ಗಂಡ, ಮಣ್ಣಪಳ್ಳದ ಪೆಡಲ್ ಬೋಟಿನಲ್ಲಿ ಒಂದು ಸುತ್ತು ಹೊಡೆದರೆ ಮಕ್ಕಳಿಗೆ ಸಾಲದೇ ಎಂದು ಕೇಳಿದ. ಕಾರ್ಕಳದಿಂದ ಅಮ್ಮ ನನ್ನ ಜಾತಕದಲ್ಲಿ ಜಲಗಂಡ ಉಂಟೆಂದು ನೆನಪಿಸಿದರು. ಇಷ್ಟು ವರ್ಷ ನಾನು ಅಮೆರಿಕದಲ್ಲಿ ಸ್ನಾನ ಮಾಡುತ್ತಿರುವುದೇ ಪವಾಡ.

ನಿಜವಾದ ಗಲಾಟೆ ಎದ್ದದ್ದು ಬ್ಯಾಲಸ್ಟಿನ ವಿಷಯಕ್ಕೆ. ಈ ಬೋಟುಗಳ ಒಳಗೆ ಟ್ಯಾಂಕಿ ಇರುತ್ತದೆ. ಪಂಪಿನಿಂದ ಕೆರೆಯ ನೀರನ್ನೇ ಅದಕ್ಕೆ ತುಂಬಿಸಿ ಬೋಟನ್ನು ಬೇಕೆಂದೇ ಭಾರ ಮಾಡುತ್ತಾರೆ. ಎಷ್ಟು ಭಾರವೋ ಅಷ್ಟು ದೊಡ್ಡ ಅಲೆ.

"ಬೋಟಿನೊಳಗೆ ನೀರು ಬಂದರೆ ಮಲ್ಪೆಯಲ್ಲಿ ಬೊಬ್ಬೆ ಹಾಕ್ತಾರೆ. ಅಲ್ಲಿ ದುಡ್ಡು ಕೊಟ್ಟು ತುಂಬಿಸುದಾ?" ಎಂದರು ಮಾವ.

ಅತ್ತೆ ನನ್ನ ಸಹಾಯಕ್ಕೆ ಬಂದರು. "ಮಧ್ವಾಚಾರ್ಯರ ಕಾಲದಲ್ಲಿ ದ್ವಾರಕೆಯಿಂದ ಬಂದ ಹಡಗಿನಲ್ಲೂ ಭಾರಕ್ಕೆಂದೇ ಗೋಪಿಚಂದನದ ಹೆಂಟೆ ಇಟ್ಟಿದ್ದರಂತೆ. ಮಲ್ಪೆ ಹತ್ತಿರ ಬಿರುಗಾಳಿಗೆ ಸಿಕ್ಕಿದಾಗ ಆಚಾರ್ಯರು ಬಟ್ಟೆ ಬೀಸಿ ದಡ ಕಾಣಿಸಿದರು, ಹೆಂಟೆಯೊಳಗೆ ಕೃಷ್ಣನೇ ಸಿಕ್ಕಿದ. ನಿಮ್ಮ ಟ್ಯಾಂಕಿಯೊಳಗೆ ಎಂತ ಸಿಗ್ತದೆ?"

"ಜೀಬ್ರಾ ಮಸಲ್ ಅತ್ತೆ. ಸಣ್ಣ ಜಾತಿಯ ಪಚ್ಚಿಲೆ. ಬೋಟಿನ ಜೊತೆ ಒಂದು ಕೆರೆಯಿಂದ ಇನ್ನೊಂದಕ್ಕೆ ಹಬ್ಬುತ್ತದೆ. ಹಾಗಾಗಿ ಕೆರೆಯಿಂದ ಹೊರಡುವಾಗ ಹನಿ ನೀರೂ ಬಿಡದೆ ಖಾಲಿ ಮಾಡಬೇಕು, ಅಲ್ಲಿ ಕಾನೂನೇ ಉಂಟು."

"ಸುಕ್ಕಕ್ಕೆ ಆಗ್ತದಾ?" ಎಂದು ಮಾವ ಮೊದಲ ಬಾರಿಗೆ ಬ್ಯಾಲಸ್ಟಿನಲ್ಲಿ ಆಸಕ್ತಿ ತೋರಿಸಿದರು.

ಮರುದಿನ ನನ್ನನ್ನು ಮಲ್ಪೆಗೆ ಕರೆದುಕೊಂಡು ಹೋದರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಾದ್ದರಿಂದ ಬಂದರು ತುಂಬ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ಕಟ್ಟಿಹಾಕಿದ್ದವು. ಹಳೆಯ ಬೋಟು ನೋಡಲು ಅದಕ್ಕಿಂತ ಒಳ್ಳೆಯ ಕಾಲ ಇಲ್ಲ. ದಡಕ್ಕೆ ಎಳೆದು ಟಾರ್ಪಾಲಿನಡಿ ನಿಲ್ಲಿಸಿದ್ದ ಒಂದು ಬೋಟಿನ ಹೊಟ್ಟೆಯನ್ನು ಒಬ್ಬರು ಕೆರೆಯುತ್ತಿದ್ದರು, ಇನ್ನೊಬ್ಬರು ಫೈಬರ್ ಮೆತ್ತುತ್ತಿದ್ದರು. ಮಾವನ ಪರಿಚಯದ ತಾಂಡೇಲರು ಕಿಸೆಯಿಂದ ಐದು ರೂಪಾಯಿಯ ನಾಣ್ಯ ತೆಗೆದು ಅಂಚಿನಿಂದ ಕುಟ್ಟುತ್ತ ಹೊರಟರು. ಟಣ್, ಟಣ್, ಟಣ್. ಕೀಲಿನ ಹತ್ತಿರ ಬಂದಾಗ ಬೊದ್.

"ಕೇಳಿತಾ? ಒಳಗೆ ಪದರ ಬಿಟ್ಟಿದೆ. ಬಣ್ಣ ನೋಡಬೇಡಿ ಮಾರಾಯ್ರೆ. ಎಲ್ಲಿ ಬಣ್ಣ ಮಾತ್ರ ಹೊಸತು ಉಂಟೋ ಅಲ್ಲಿ ಕುಟ್ಟಿ."

ಉಳಿದ ಪಾಠ ಚುಟುಕಾಗಿತ್ತು. ಆಯಿಲ್ ಕಡ್ಡಿ ಎಳೆದು ನೋಡಬೇಕು, ಬೆಳ್ಳಗಾಗಿದ್ದರೆ ನೀರು ಸೇರಿದೆ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ನಾವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಮಾರುವವನಿಗೆ ಏನೋ ಗೊತ್ತುಂಟು. ಎಷ್ಟು ಗಂಟೆ ಓಡಿದೆ ಎಂದು ಕೇಳುವುದಕ್ಕಿಂತ ಓಡಿಸಿದವರು ಯಾರು ಎಂದು ಕೇಳಬೇಕು. ಇಷ್ಟು ಹೇಳಿ ತಾಂಡೇಲರು ನಾಣ್ಯವನ್ನು ನನ್ನ ಕೈಗೇ ಕೊಟ್ಟರು. ಮಾವ ಅದರ ಬದಲಿಗೆ ಬೇರೆ ಐದು ರೂಪಾಯಿ ಕೊಡಲು ಹೋಗಿ ಬೈಸಿಕೊಂಡರು.

ಆಗಸ್ಟಿನಲ್ಲಿ ಆಸ್ಟಿನ್. ಲವನ ಮಾಲೀಕರು ಇಳಿವಯಸ್ಸಿನ ಮೇಷ್ಟರು. ನಾನು ಬೋಟಿನಡಿ ಬಗ್ಗಿ ಕುಟ್ಟತೊಡಗಿದಾಗ ಏನೂ ಕೇಳದೆ ತಾವೂ ಪಕ್ಕದಲ್ಲಿ ಬಗ್ಗಿದರು. ಊರಿನಲ್ಲಿ ರಾತ್ರಿ ಎಂಟೂವರೆ; ವಿಡಿಯೋ ಕಾಲಿನಲ್ಲಿ ಮಾವ. "ಇನ್ನೊಮ್ಮೆ ಕುಟ್ಟಿ, ಇಲ್ಲಿ ಕುಕ್ಕರ್ ಕೂಗಿತು." ಮೂತಿಯಿಂದ ಬಾಲದವರೆಗೆ ಟಣ್. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಹೆಪ್ಪುಗಟ್ಟಿದಾಗ ಎಂಜಿನಿನ ನೀರು ತೆಗೆದಿದ್ದಿರಾ ಎಂದು ಕೇಳಿದೆ. ಆ ವಾರ ನೀರು ಬಿಡದೆ ಇಟ್ಟ ಎಷ್ಟೋ ಎಂಜಿನ್ನುಗಳ ಬ್ಲಾಕು ಸೀಳಿಹೋಗಿತ್ತು. ಮೇಷ್ಟರು ಒಂದು ನೋಟ್‌ಬುಕ್ ತಂದು ತೋರಿಸಿದರು. ನೀರು ತೆಗೆದ ತಾರೀಕು, ಇಂಪೆಲ್ಲರ್ ಬದಲಿಸಿದ ತಾರೀಕು, ಎಲ್ಲವೂ ದುಂಡಗಿನ ಅಕ್ಷರದಲ್ಲಿ. ಲೆಕ್ಕ ಬರೆದೇ ಬದುಕಿದ ಮಾವ ಪರದೆಯಲ್ಲೇ ಕೈ ಮುಗಿದರು.

ಕುಶ ನೋಡಲು ರಾಜಕುಮಾರ. ಸ್ಪೀಕರುಗಳು, ದೀಪಗಳು, ಕಪ್ಪಿಡಲು ಎಲ್ಲೆಂದರಲ್ಲಿ ಗುಳಿ. ಮಗಳು ಹತ್ತಿ ಕೂತವಳು ಇಳಿಯಲಿಲ್ಲ. ಹೊಟ್ಟೆಯ ಬಲಬದಿಯಲ್ಲಿ ಮಾತ್ರ ಎರಡಂಗೈ ಅಗಲ ನೀಲಿ ಸ್ವಲ್ಪ ಜಾಸ್ತಿ ಹೊಳೆಯುತ್ತಿತ್ತು. ಕುಟ್ಟಿದೆ. ಬೊದ್. ಕಾಪುವಿನಿಂದ "ಆಹಾ!" ಎಂಬ ಸ್ವರ ಬಂತು. ಮಾರುವವನಿಗೆ ನಿಜವಾಗಿ ತಿಳಿದಿರಲಿಲ್ಲ; ಹಿಂದಿನ ಯಜಮಾನ ನೀರು ಇಳಿದ ಯಾವುದೋ ವರ್ಷ ಒಂದು ಸಮ್‌ಟೈಮ್ಸ್ ದ್ವೀಪವನ್ನು ಹುಡುಕಿಕೊಂಡಿರಬೇಕು. ಪಾಪ, ಆತ ನಾಣ್ಯವನ್ನು ಈಸಿಕೊಂಡು ತಾನೂ ಕುಟ್ಟಿ ನೋಡಿದ. ಇಂಥ ಉಪಕರಣ ಎಲ್ಲಿ ಸಿಗುತ್ತದೆ ಎಂದು ಕೇಳಿದ.

ಲವನಿಗೆ ಮುಂಗಡ ಕೊಟ್ಟು ಬಂದೆವು. ಹತ್ತು ಜನ ಕೂರಬಹುದೆಂದು ಅದರ ತಗಡಿನ ಮೇಲೆ ಬರೆದಿದೆ. ಹೆಂಡತಿ ಆಗಲೇ ಕನ್ನಡ ಸಂಘದ ಬಳಗದಿಂದ ಮೊದಲ ಸವಾರಿಯ ಪಟ್ಟಿ ಮಾಡಿದ್ದಾಳೆ. ಮಗಳು ಆ ಪಟ್ಟಿಯನ್ನು ಇಸಿದುಕೊಂಡು ಒಬ್ಬೊಬ್ಬರ ಹೆಸರಿನ ಮುಂದೆ ಅಂದಾಜು ತೂಕ ಬರೆದು, ಟ್ಯಾಂಕಿಗೆ ನೀರೇ ಬೇಕಾಗಿಲ್ಲ ಎಂದು ಲೆಕ್ಕ ಹಾಕಿ ತೋರಿಸಿದಳು. ಆ ಕಾಗದವನ್ನು ಬಳಗದವರ ಕಣ್ಣಿಗೆ ಬೀಳದಂತೆ ಅಡಗಿಸಿಟ್ಟಿದ್ದೇನೆ.

ಅಷ್ಟರಲ್ಲಿ ಕುಶನ ಮಾಲೀಕನ ಮೆಸೇಜು ಬಂತು. ಬಿಚ್ಚಿಸಿ ನೋಡಿದನಂತೆ, ನಮ್ಮ ಬೊದ್ ನಿಜವಂತೆ, ರಿಪೇರಿ ಮಾಡಿಸಿಯೇ ಕೊಡುತ್ತಾನಂತೆ, ಮೇಲಿಂದ 8,000 ಡಾಲರ್ ಇಳಿಸಿದ್ದಾನೆ. ಎರಡು ಬೋಟು ನಿಲ್ಲಿಸಲು ನಮ್ಮಲ್ಲಿ ಜಾಗವೆಲ್ಲಿ ಎಂದು ಹೆಂಡತಿಗೂ ಮಗಳಿಗೂ ವಿವರಿಸಿ ಸೋತು, ನೀವಾದರೂ ಬುದ್ಧಿ ಹೇಳಿ ಎಂದು ಮಾವನಿಗೆ ಫೋನು ಮಾಡಿದೆ.

"ನಾನೆಂತ ಹೇಳುದು?" ಎಂದರು ಮಾವ. "ಮಿಯ್ಯಾರಿನವರು ನೀವು. ಒಂಟಿ ಕೋಣ ಹಿಡಿದುಕೊಂಡು ಯಾರಾದರೂ ಕಂಬಳಕ್ಕೆ ಹೋಗ್ತಾರಾ ಮಾರಾಯ್ರೆ?"