ಇಂಗ್ಲಿಷ್ ಎಂ.ಎ. ವರನ ಪರವಾಗಿ

‘ಇಂಗ್ಲಿಷ್ ಎಂ.ಎ. ಓದಿ ಹುಡುಗ ಏನ್ ಮಾಡ್ತಾನೆ ಸ್ವಾಮಿ?’ ಎನ್ನುವ ಹೆಣ್ಣಿನ ತಂದೆಗೆ ಉತ್ತರ ಚರಿತ್ರೆಯಲ್ಲೇ ಇದೆ: ಕನ್ನಡ ಸಾಹಿತಿಯಾಗುತ್ತಾನೆ. ಬಿ.ಎಂ.ಶ್ರೀ., ಗೋಕಾಕ್, ಅಡಿಗ, ಲಂಕೇಶ್, ಅನಂತಮೂರ್ತಿ ಎಲ್ಲರೂ ಇಂಗ್ಲಿಷ್ ಮೇಷ್ಟರೇ; ಗೋಕಾಕರಿಗೆ 1990ರ, ಅನಂತಮೂರ್ತಿಯವರಿಗೆ 1994ರ ಜ್ಞಾನಪೀಠವೂ ಬಂತು. ‘ಜ್ಞಾನಪೀಠದಲ್ಲಿ ತಿಂಗಳ ಬಾಡಿಗೆ ಕಟ್ಟೋಕಾಗುತ್ತಾ?’ ಆಗುವುದಿಲ್ಲ. ಅವರು ಉಂಡದ್ದು ಇಂಗ್ಲಿಷಿನ ಸಂಬಳ, ಬರೆದದ್ದು ಕನ್ನಡ. ನನ್ನ ವಾದವೂ ಅಷ್ಟೇ: ಈ ಪದವಿ ಕೈಗೆ ಒಂದೇ ಕಸುಬು ಕೊಡುವುದಿಲ್ಲ, ಯಾವ ಕಸುಬಿಗೂ ಹೊಂದುವ ಓದನ್ನು ಕೊಡುತ್ತದೆ. ಲಂಕೇಶರು ಮೇಷ್ಟರಗಿರಿ ಬಿಟ್ಟು 1980ರಲ್ಲಿ ವಾರಪತ್ರಿಕೆ ಶುರುಮಾಡಿ, ಜಾಹೀರಾತಿನ ಹಂಗಿಲ್ಲದೆ ನಡೆಸಿದರು.

‘ಆ ಕಾಲ ಬೇರೆ. ಈಗ ಕಾಯಂ ಹುದ್ದೆ ಎಲ್ಲಿವೆ?’ ಈ ಆಕ್ಷೇಪ ಗಟ್ಟಿ. ಸರ್ಕಾರಿ ಕಾಲೇಜುಗಳಲ್ಲಿ ನೆಟ್, ಪಿಎಚ್‌.ಡಿ. ಮುಗಿಸಿದವರೂ ಅತಿಥಿ ಉಪನ್ಯಾಸಕರಾಗಿಯೇ ತಲೆ ನರೆಸುತ್ತಿದ್ದಾರೆ. ಆದರೆ ಭೌತಶಾಸ್ತ್ರದವರೂ ಅದೇ ಸಾಲಿನಲ್ಲಿದ್ದಾರೆ. ತಪ್ಪು ಪದವಿಯದಲ್ಲ, ನೇಮಕಾತಿಯದು. ಅತ್ತ ಬೆಂಗಳೂರಿನ ಕಂಪನಿಗಳಲ್ಲಿ ಸಾಫ್ಟ್‌ವೇರ್ ಕೈಪಿಡಿ ಬರೆಯುವ, ತಿದ್ದುವ ಕೆಲಸವಿದೆ. ‘ಅದನ್ನೀಗ ಎಐ ಬರೆಯುತ್ತಲ್ಲ?’ ಬರೆಯುತ್ತದೆ, ನೀವು ಹುಡುಕುತ್ತಿರುವ ಇಂಜಿನಿಯರ್ ಅಳಿಯನ ಕೋಡನ್ನೂ ಬರೆಯುತ್ತದೆ. ಅದು ಠೀವಿಯಿಂದ ಸುಳ್ಳು ಹೇಳಿದಾಗ ಹಿಡಿಯಲು ಸಾಲುಸಾಲು ಅನುಮಾನಿಸಿ ಓದುವವನು ಬೇಕು. ಬೇಕಾದರೆ ಆ ಇಂಜಿನಿಯರನ ಜಾತಕವನ್ನೂ ಈ ಹುಡುಗನ ಕೈಲೇ ಒಮ್ಮೆ ಓದಿಸಿ ನೋಡಿ.