ಒಡಕು ಕಂಠದ ಪೆಟ್ಟಿಗೆಗಳು

ಗಿಟಾರ್ ತಂತಿಯ ಕ್ಷೀಣ ವಿದ್ಯುತ್ ಸಂಕೇತವನ್ನು ನೆರೆಹೊರೆಯವರ ನಿದ್ದೆ ಕೆಡುವಷ್ಟು ಹಿಗ್ಗಿಸುವ ಪೆಟ್ಟಿಗೆಗೆ ಆಂಪ್ಲಿಫೈಯರ್ ಎಂದು ಹೆಸರು; ಅಮೆರಿಕದ ಗ್ಯಾರೇಜುಗಳಲ್ಲಿ ಧೂಳು ತಿನ್ನುತ್ತ ಬಿದ್ದಿರುವ ಇಂಥ ಹಳೆಯ ಪೆಟ್ಟಿಗೆಗಳನ್ನು ಹುಡುಕಿ ಬದುಕಿಸುವವರದು ಒಂದು ವಿಶಿಷ್ಟ ಪಂಗಡ. ಸಿಯರ್ಸ್ ಮಳಿಗೆಯು 1960ರ ದಶಕದಲ್ಲಿ ಗಿಟಾರಿನ ಪೆಟ್ಟಿಗೆಯೊಳಗೇ ಅಡಗಿಸಿ ಮಾರಿದ ಸಿಲ್ವರ್‌ಟೋನ್ ಆಗಲಿ, ಸುಮಾರು 5 ವ್ಯಾಟ್ ಮಾತ್ರ ಹೊರಡಿಸುವ ಫೆಂಡರ್ ಚಾಂಪ್ ಆಗಲಿ, ಕಲಿಯುವ ಹುಡುಗರಿಗೆಂದು ಹುಟ್ಟಿದ ಅಗ್ಗದ ಸಾಮಾನುಗಳೇ ಆಗಿದ್ದು, ಈಗ ಅವು ಪೂಜಾರ್ಹವಾಗಿರುವುದರಿಂದ, ಹಳೆ ಸಾಮಾನಿನ ಮಾರಾಟದಲ್ಲಿ ಅವನ್ನು ಕಂಡವನು ಮೊದಲು ಪಕ್ಕದ ಮುರುಕು ಕುರ್ಚಿಯ ಬೆಲೆ ವಿಚಾರಿಸತಕ್ಕದ್ದು.

ಪೆಟ್ಟಿಗೆ ಮನೆಗೆ ಬಂದ ಮೇಲೆ ರಿಪೇರಿಯ ಸರದಿ: ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ದಶಕಗಳಲ್ಲಿ ಒಣಗಿ, ಸ್ವಿಚ್ ಹಾಕಿದೊಡನೆ ಗುಂಯ್‌ಗುಟ್ಟುವಿಕೆ ಕೇಳಿಬರುವುದರಿಂದ ಅವನ್ನು ಬದಲಿಸಲೇಬೇಕು. ಆದರೆ ಪ್ಲಗ್ ಕಿತ್ತ ಮೇಲೂ ಅವು ನೂರಾರು ವೋಲ್ಟ್ ಹಿಡಿದಿಟ್ಟುಕೊಂಡಿರಬಲ್ಲವಾದ್ದರಿಂದ, ಆ ಶೇಷವನ್ನು ರೆಸಿಸ್ಟರಿನ ಮೂಲಕ ಇಳಿಸದೆ ಕೈಹಾಕಿದ ಉತ್ಸಾಹಿಯ ಬದಲಿಗೆ ಬಿಡಿಭಾಗ ಸಿಗುವುದಿಲ್ಲ. ಎರಡು ಕಡ್ಡಿಯ ಹಳೆಯ ಪ್ಲಗ್ಗನ್ನು ತೆಗೆದು ಅರ್ತ್ ಇರುವ ಮೂರು ಪಿನ್ನಿನದನ್ನು ಹಾಕುವುದನ್ನು ಮಾತ್ರ ಕಟ್ಟಾ ಸಂಪ್ರದಾಯವಾದಿಗಳೂ ಆಕ್ಷೇಪಿಸುವುದಿಲ್ಲ. ಇಷ್ಟಾದ ಬಳಿಕ ಸಂಕೇತವನ್ನು ಹಿಗ್ಗಿಸುವ ಗಾಜಿನ ಕೊಳವೆಗಳಾದ ವಾಲ್ವುಗಳು ಕೆಂಪಗೆ ಹೊತ್ತಿಕೊಂಡು, ಮಿತಿಮೀರಿ ದುಡಿದಾಗ ಧ್ವನಿ ಒಡೆಯತೊಡಗುತ್ತದೆ. ಆ ಒಡಕಿಗಾಗಿಯೇ ಇಷ್ಟು ಪಾಡುಪಟ್ಟವನು ಕಣ್ಣುಮುಚ್ಚಿ ಆನಂದಿಸುತ್ತಿರುವಾಗ, ರಿಪೇರಿ ಇನ್ನೂ ಮುಗಿದಿಲ್ಲವೇ ಎಂದು ಮನೆಯವರು ಅಡುಗೆಮನೆಯಿಂದ ಕೇಳುತ್ತಾರೆ.